ವರ್ಗ, ಹಂಚಿಕೆ ಮತ್ತು ನ್ಯಾಯಾಲಯ: ಹೈದರಾಬಾದಿನ ಅನುಭವದಿಂದ ಒಂದು ವಿವೇಚನೆ

ಸರಕಾರದ ಸೇವೆಯಲ್ಲಿರುವವನನ್ನು ಒಂದು ಊರಿನಿಂದ ಮತ್ತೊಂದು ಊರಿಗೆ ಕಳುಹಿಸುವುದನ್ನು ಹಳೆಯ ಮೈಸೂರಿನ ಕಡೆಯವರು ‘ವರ್ಗ’ವೆಂದು ಕರೆದರು, ಧಾರವಾಡ, ಬಿಜಾಪುರಗಳ ಕಡೆಯವರು ‘ಬದಲಿ’ ಎಂದರು, ನಿಜಾಮರ ಆಡಳಿತಕ್ಕೆ ಒಳಪಟ್ಟಿದ್ದ ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳ ಕಚೇರಿಗಳಲ್ಲಿ ಉರ್ದುವಿನ ‘ತಬಾದಲಾ’ ಎಂಬ ಮಾತು ನಡೆಯುತ್ತಿದ್ದಿತು. ಶಬ್ದಗಳು ಮೂರಾದರೂ ಅವು ಮನೆಗೆ ತರುವ ಸುದ್ದಿ ಒಂದೇ. ಮಕ್ಕಳ ಶಾಲೆ, ಮುಪ್ಪಿನ ತಂದೆತಾಯಿಗಳ ಔಷಧೋಪಚಾರ, ಹೆಂಡತಿಯ ಅಥವಾ ಗಂಡನ ನೌಕರಿ, ಬಾಡಿಗೆಯ ಮನೆ, ಕೊನೆಗೆ ಹೊಸ್ತಿಲಾಚೆ ಆಡಬೇಕಾದ ಭಾಷೆ, ಇವೆಲ್ಲವೂ ಒಂದು ಹಾಳೆಯ ಹುಕುಮಿನಿಂದ ಅಸ್ತವ್ಯಸ್ತವಾಗುತ್ತವೆ.

ಹೈದರಾಬಾದಿನಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯ ಹೊರಗಿನದಲ್ಲ. ಬ್ಯಾಂಕು, ರೈಲ್ವೆ, ಅಂಚೆ, ಜೀವವಿಮೆ, ಕೇಂದ್ರ ಸರಕಾರದ ಕಾರಖಾನೆ ಮತ್ತು ಸಂಶೋಧನಾಲಯಗಳ ನೌಕರಿಯ ಮೇಲೆ ಇಲ್ಲಿಗೆ ಬಂದು, ಎರಡು ವರ್ಷದ ಮಟ್ಟಿಗೆಂದು ಹೂಡಿದ ಸಂಸಾರವನ್ನು ಎರಡು ತಲೆಮಾರಿನವರೆಗೆ ನಡೆಸಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೂ ವರ್ಗದ ಹುಕುಮು ಬಂದಾಗ ಕೇಳಿಬರುವ ಪ್ರಶ್ನೆಗೆ, ಎಂದರೆ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೆ ಎಂಬುದಕ್ಕೆ, ನಿಶ್ಚಿತವಾದ ಉತ್ತರವನ್ನು ತಿಳಿದವರು ಕಡಮೆ. ಕೆಲವರು ಏನೂ ಸಾಗದೆಂದು ಸುಮ್ಮನಾಗುತ್ತಾರೆ. ಕೆಲವರು ತಮ್ಮ ಕಷ್ಟವನ್ನು ಕೇಳಿದೊಡನೆ ನ್ಯಾಯಾಧೀಶರು ಮರುಗುವರೆಂದು ನಂಬಿ ಹಣವನ್ನೂ ಹೆಸರನ್ನೂ ಕಳೆದುಕೊಳ್ಳುತ್ತಾರೆ. ಎರಡೂ ತಪ್ಪು. ಸುಮಾರು ಅರುವತ್ತು ವರ್ಷಗಳ ತೀರ್ಪುಗಳಿಂದ ಹೊರಬಂದಿರುವ ತತ್ತ್ವವನ್ನು, ಈ ನಗರವೇ ಕಂಡ ದೊಡ್ಡ ವ್ಯಾಜ್ಯಗಳ ಮೂಲಕ ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

೧. ಎರಡು ಬಗೆಯ ಸ್ಥಾನಾಂತರ

ಮೊದಲು ಒಂದು ಭೇದವನ್ನು ಗುರುತಿಸಬೇಕು. ನೌಕರನು ಅದೇ ಸರಕಾರದ, ಅದೇ ಶ್ರೇಣಿಯ, ಅದೇ ಸಂಬಳದ ಹುದ್ದೆಯಲ್ಲಿ ಊರನ್ನು ಮಾತ್ರ ಬದಲಾಯಿಸುವುದು ಸಾಮಾನ್ಯ ವರ್ಗ. ೧೯೨೨ರಿಂದ ಜಾರಿಯಲ್ಲಿರುವ ಮೂಲ ನಿಯಮಗಳ ಹನ್ನೊಂದನೆಯ ನಿಯಮದಂತೆ ನೌಕರನ ಪೂರ್ಣ ಕಾಲವು ಸಂಬಳ ಕೊಡುವ ಸರಕಾರಕ್ಕೆ ಸೇರಿದ್ದು. ಹದಿನೈದನೆಯ ನಿಯಮದಂತೆ ಅವನನ್ನು ಒಂದು ಹುದ್ದೆಯಿಂದ ಮತ್ತೊಂದಕ್ಕೆ ಕಳುಹಿಸುವ ಅಧಿಕಾರವು ಸರಕಾರಕ್ಕಿದೆ. ಈ ಬಗೆಯ ವರ್ಗವು ಸೇವೆಯ ಷರತ್ತುಗಳ ಬದಲಾವಣೆಯಲ್ಲ, ಸೇವೆಯೊಡನೆ ಹುಟ್ಟಿಬಂದ ಅಂಗ.

ಎರಡನೆಯದು ಹಂಚಿಕೆ. ರಾಜ್ಯಗಳು ಒಡೆದಾಗ ಅಥವಾ ಕೂಡಿದಾಗ, ಇಲ್ಲವೆ ನೌಕರವರ್ಗವನ್ನು ಹೊಸದಾಗಿ ವಿಂಗಡಿಸಿದಾಗ, ನೌಕರನು ಕುಳಿತ ಕುರ್ಚಿಯಿಂದ ಏಳದೆಯೂ ಬೇರೊಂದು ಸರಕಾರದ ಅಥವಾ ಬೇರೊಂದು ಪಟ್ಟಿಯ ನೌಕರನಾಗಬಹುದು. ಇಲ್ಲಿ ಬದಲಾಗುವುದು ಊರಷ್ಟೇ ಅಲ್ಲ. ಜ್ಯೇಷ್ಠತೆ, ಬಡ್ತಿ, ಇಲಾಖೆಯ ಪರೀಕ್ಷೆ, ಕಚೇರಿಯ ಭಾಷೆ ಎಲ್ಲವೂ. ಮೊದಲನೆಯದರಲ್ಲಿ ನ್ಯಾಯಾಲಯವು ಕೈಹಾಕಲು ಬಹಳ ಹಿಂಜರಿಯುತ್ತದೆ. ಎರಡನೆಯದರಲ್ಲಿ ಅಧಿಕಾರವು ಯಾವ ಕಾಯಿದೆಯಿಂದ ಬಂದಿತು, ಆ ಕಾಯಿದೆಯು ರಾಜ್ಯಾಂಗಕ್ಕೆ ಸಮ್ಮತವೆ ಎಂದು ವಿಚಾರಿಸಿಯೇ ವಿಚಾರಿಸುತ್ತದೆ.

೨. ೧೯೫೬ರ ಹಂಚಿಕೆ

೧೯೫೬ರ ನವೆಂಬರ್ ೧ರಂದು ಹೈದರಾಬಾದು ರಾಜ್ಯವು ಮೂರು ಪಾಲಾಯಿತು. ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್, ತಾಂಡೂರುಗಳನ್ನೂ ರಾಯಚೂರಿನಿಂದ ಆಲಂಪುರ, ಗದ್ವಾಲಗಳನ್ನೂ ಬಿಟ್ಟು ಉಳಿದ ತಾಲ್ಲೂಕುಗಳು, ಬೀದರ ಜಿಲ್ಲೆಯ ಹಲವು ಭಾಗಗಳೊಡನೆ ಹೊಸ ಮೈಸೂರು ರಾಜ್ಯವನ್ನು ಸೇರಿದವು. ಆ ರಾಜ್ಯವು ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ತುಂಡುಗಳಿಂದ ಕೂಡಿದುದು. ಐದು ಆಡಳಿತಗಳೆಂದರೆ ಐದು ಬಗೆಯ ಸಂಬಳದ ಶ್ರೇಣಿ, ಐದು ಬಗೆಯ ಬಡ್ತಿಯ ನಿಯಮ. ಗಡಿಯ ಗೆರೆಯನ್ನೆಳೆಯುವುದಕ್ಕಿಂತ ಈ ನೌಕರವರ್ಗಗಳನ್ನು ಒಂದಾಗಿ ಹೊಲಿಯುವ ಕೆಲಸವು ಹೆಚ್ಚು ಕಾಲ ಹಿಡಿಯಿತು.

ಇದಕ್ಕೆ ಆಧಾರವಾದುದು ೧೯೫೬ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ ೧೧೫ನೆಯ ಕಲಮು. ಅದರ ಪ್ರಕಾರ ಒಡೆದುಹೋದ ರಾಜ್ಯದ ನೌಕರನು, ಕೇಂದ್ರ ಸರಕಾರವು ಬೇರೆ ಆಜ್ಞೆಯನ್ನು ಮಾಡದ ಹೊರತು, ತಾತ್ಕಾಲಿಕವಾಗಿ ಮುಖ್ಯ ಉತ್ತರಾಧಿಕಾರಿ ರಾಜ್ಯದಲ್ಲಿಯೇ ಮುಂದುವರಿಯತಕ್ಕದ್ದು. ಹೈದರಾಬಾದಿನ ಮಟ್ಟಿಗೆ ಆ ರಾಜ್ಯ ಆಂಧ್ರಪ್ರದೇಶ. ಅಂತಿಮವಾಗಿ ಯಾರು ಯಾವ ರಾಜ್ಯಕ್ಕೆಂಬುದನ್ನು ಕೇಂದ್ರ ಸರಕಾರವು ಗೊತ್ತುಪಡಿಸಬೇಕು. ನ್ಯಾಯವಾದ, ಸಮಾನವಾದ ನಡವಳಿಕೆಗಾಗಿ ಸಲಹಾ ಸಮಿತಿಗಳನ್ನು ನೇಮಿಸಬಹುದು. ಎಲ್ಲಕ್ಕಿಂತ ಮುಖ್ಯವಾದುದು ಏಳನೆಯ ಉಪಕಲಮಿನ ಷರತ್ತು: ಹಿಂದಿನ ರಾಜ್ಯದಲ್ಲಿದ್ದ ಸೇವೆಯ ಷರತ್ತುಗಳನ್ನು ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ನೌಕರನಿಗೆ ಅಹಿತವಾಗುವಂತೆ ಬದಲಾಯಿಸಕೂಡದು.

ಈ ಹಂಚಿಕೆಯ ಹಿಂದಿದ್ದ ಮನುಷ್ಯರನ್ನು ನೆನೆಯುವುದು ಉಚಿತ. ನಿಜಾಮರ ಕಾಲದ ಆಡಳಿತ ಭಾಷೆ ಉರ್ದು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಭಾಷೆಯೂ ಅದೇ. ಮನೆಯಲ್ಲಿ ಕನ್ನಡವನ್ನಾಡಿ ಕಚೇರಿಯಲ್ಲಿ ಉರ್ದುವಿನಲ್ಲಿ ಮಿಸಲು ಬರೆಯುತ್ತಿದ್ದ ಗುಮಾಸ್ತನು ಮೈಸೂರು ರಾಜ್ಯಕ್ಕೆ ಹಂಚಿಹೋದಾಗ ತಾಯ್ನುಡಿಯ ರಾಜ್ಯಕ್ಕೆ ಹೋದಂತಾಯಿತು, ದಿಟ. ಆದರೆ ಅವನ ಅನುಭವವೆಲ್ಲ ಬೇರೊಂದು ಲಿಪಿಯಲ್ಲಿತ್ತು. ಇಲ್ಲಿಯೇ ಉಳಿದವನ ನೆಲ ಕದಲಲಿಲ್ಲ. ಅವನ ಸುತ್ತಲಿನ ರಾಜ್ಯ ಮಾತ್ರ ಬದಲಾಯಿತು. ಈ ಎರಡು ಬಗೆಯ ನಷ್ಟಗಳಲ್ಲಿ ಯಾವುದನ್ನೂ ೧೧೫ನೆಯ ಕಲಮು ಎಣಿಕೆಗೆ ತಂದುಕೊಳ್ಳಲಿಲ್ಲ.

ಆ ಕಲಮು ಎಣಿಸಿದ ನಷ್ಟಗಳಾದರೂ ಎಷ್ಟರಮಟ್ಟಿಗೆ ರಕ್ಷಿತವಾದವು? ಮದರಾಸು ರಾಜ್ಯದ ದಕ್ಷಿಣ ಕನ್ನಡದಿಂದ ಮೈಸೂರಿಗೆ ಬಂದ ನೌಕರರೊಬ್ಬರು ಹೂಡಿದ ಎನ್. ರಾಘವೇಂದ್ರ ರಾವ್ ಮೊಕದ್ದಮೆಯಲ್ಲಿ ೧೯೬೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಶ್ನೆಯನ್ನು ಬಗೆಹರಿಸಿತು. ಕೇಂದ್ರ ಸರಕಾರವು ೧೯೫೭ರ ಮೇ ೧೧ರಂದು ರಾಜ್ಯಗಳಿಗೆ ಬರೆದ ಪತ್ರದಲ್ಲಿ ಸಂಬಳ, ರಜೆ, ನಿವೃತ್ತಿ ವೇತನಗಳಂಥವನ್ನು ಕಾಪಾಡಬೇಕೆಂದೂ ಬಡ್ತಿಯ ವಿಷಯದಲ್ಲಿ ಅಂಥ ರಕ್ಷಣೆ ಅಗತ್ಯವಿಲ್ಲವೆಂದೂ ಹೇಳಿದ್ದಿತು. ಈ ಪತ್ರವೇ ಷರತ್ತಿನಲ್ಲಿ ಹೇಳಿದ ಪೂರ್ವಾನುಮತಿ ಎಂದು ನ್ಯಾಯಾಲಯವು ಎಣಿಸಿತು. ಬಾಗಿಲಿಗೆ ಬೀಗವಿದ್ದರೂ ಬೀಗದ ಕೈಯನ್ನು ಮೊದಲೇ ಕೊಟ್ಟಾಗಿದ್ದಿತೆಂದು ಇದರ ತಾತ್ಪರ್ಯ.

ಹೈದರಾಬಾದಿನವರ ದೂರು ನೇರವಾಗಿ ತೀರ್ಮಾನವಾದುದು ೧೯೭೪ರ ಮಹಮ್ಮದ್ ಶುಜಾತ್ ಅಲಿ ಮೊಕದ್ದಮೆಯಲ್ಲಿ. ಹಿಂದಿನ ಹೈದರಾಬಾದು ರಾಜ್ಯದ ಎಂಜಿನಿಯರಿಂಗ್ ಇಲಾಖೆಯ ಪದವೀಧರರಲ್ಲದ ಮೇಲ್ವಿಚಾರಕರು, ಆಂಧ್ರದ ನೌಕರರೊಡನೆ ತಮ್ಮನ್ನು ಸರಿದೂಗಿಸಿದ ರೀತಿಯಿಂದಲೂ ಹೊಸ ನಿಯಮಗಳಿಂದಲೂ ತಮ್ಮ ಬಡ್ತಿಯ ದಾರಿ ಕಿರಿದಾಯಿತೆಂದು ವಾದಿಸಿದರು. ಹುದ್ದೆಗಳನ್ನು ಸರಿದೂಗಿಸುವುದು ತಜ್ಞರು ಮಾಡತಕ್ಕ ಕೆಲಸವೆಂದೂ, ಬಡ್ತಿಗೆ ಪರಿಗಣಿಸಲ್ಪಡುವ ಹಕ್ಕು ಸೇವೆಯ ಷರತ್ತಾದರೂ ಬಡ್ತಿಯ ಸಂಭವ ಮಾತ್ರ ಷರತ್ತಲ್ಲವೆಂದೂ ನ್ಯಾಯಾಲಯವು ತೀರ್ಮಾನಿಸಿತು. ಇದಕ್ಕೆ ಆಧಾರವಾದ ಹಿಂದಿನ ತೀರ್ಪುಗಳಲ್ಲಿ ಒಂದು ೧೯೬೭ರ ಮೈಸೂರು ರಾಜ್ಯ ವಿರುದ್ಧ ಪುರೋಹಿತ್ ಎಂಬುದು. ಅದರಲ್ಲಿ ನೈರ್ಮಲ್ಯ ನಿರೀಕ್ಷಕರ ಜ್ಯೇಷ್ಠತೆಯನ್ನು ಜಿಲ್ಲೆಯ ಮಟ್ಟದಿಂದ ರಾಜ್ಯದ ಮಟ್ಟಕ್ಕೆ ಏರಿಸಿದುದರಿಂದ ಹಿಂದೆ ಬಿದ್ದವರಿಗೂ ಇದೇ ಉತ್ತರ ದೊರಕಿದ್ದಿತು. ಹಕ್ಕಿಗೆ ರಕ್ಷಣೆ, ನಿರೀಕ್ಷೆಗೆ ಇಲ್ಲ. ೧೯೫೬ರ ನೌಕರರು ಕಳೆದುಕೊಂಡುದರಲ್ಲಿ ಬಹುಭಾಗವು ನಿರೀಕ್ಷೆಯೇ ಆಗಿದ್ದಿತು.

ಆದರೆ ಹಂಚಿಕೆಯ ಕ್ರಮವೂ ಮನಬಂದಂತೆ ನಡೆಯಲಾಗದು. ಮಧ್ಯಪ್ರದೇಶದ ಎಂಜಿನಿಯರುಗಳಿಗೆ ಸಂಬಂಧಿಸಿದ ಪಿ. ಕೆ. ರಾಯ್ ಮೊಕದ್ದಮೆಯಲ್ಲಿ ೧೯೬೭ರ ಕೊನೆಗೆ ಬಂದ ತೀರ್ಪು, ಬಾಧಿತನಾದವನಿಗೆ ಅಹವಾಲು ಹೇಳಿಕೊಳ್ಳುವ ಅವಕಾಶವು ಹೆಸರಿಗಷ್ಟೇ ಇದ್ದರೆ ಸಾಲದೆಂಬುದನ್ನು ಸ್ಪಷ್ಟಪಡಿಸಿತು.

೩. ೧೯೬೯: ನೌಕರರು ಗೆದ್ದ ವ್ಯಾಜ್ಯ

ನಗರದ ಇತಿಹಾಸದಲ್ಲಿ ವರ್ಗದ ವಿರುದ್ಧ ನಡೆದ ಮೊಕದ್ದಮೆಗಳಲ್ಲಿ ಅತ್ಯಂತ ಮಹತ್ತ್ವದ್ದು ಎ. ವಿ. ಎಸ್. ನರಸಿಂಹರಾವ್ ವಿರುದ್ಧ ಆಂಧ್ರಪ್ರದೇಶ ಎಂಬುದು. ಅದನ್ನು ತಿಳಿಯಲು ‘ಮುಲ್ಕಿ’ ಎಂಬ ಶಬ್ದವನ್ನು ತಿಳಿಯಬೇಕು. ಹೈದರಾಬಾದು ರಾಜ್ಯದ ನೌಕರಿ ಆ ರಾಜ್ಯದವರಿಗೇ ಎಂಬುದು ನಿಜಾಮರ ಕಾಲದ ಮುಲ್ಕಿ ನಿಯಮಗಳ ಸಾರ. ಹೊರಗಿನವನು ಮುಲ್ಕಿ ಎನಿಸಿಕೊಳ್ಳಲು ೧೫ ವರ್ಷ ವಾಸವಾಗಿರಬೇಕಾಗಿತ್ತು. ಗುಲ್ಬರ್ಗಾದ ಕನ್ನಡಿಗನೂ ಔರಂಗಾಬಾದಿನ ಮರಾಠಿಗನೂ ವರಂಗಲ್ಲಿನ ತೆಲುಗನೂ ಆಗ ಒಂದೇ ಸಮನಾಗಿ ಮುಲ್ಕಿಗಳು.

ರಾಜ್ಯ ಒಡೆದ ಬಳಿಕ ಸಂಸತ್ತು ೧೯೫೭ರಲ್ಲಿ ಸಾರ್ವಜನಿಕ ನೌಕರಿಯ ವಾಸಾವಶ್ಯಕತೆಯ ಕಾಯಿದೆಯನ್ನು ಮಾಡಿತು. ಅದರ ಮೂರನೆಯ ಕಲಮಿನ ಆಧಾರದಿಂದ ರಚಿತವಾಗಿ ೧೯೫೯ರ ಮಾರ್ಚ್ ೨೧ರಿಂದ ಜಾರಿಗೆ ಬಂದ ನಿಯಮಗಳು, ತೆಲಂಗಾಣದ ಕೆಲವು ಹುದ್ದೆಗಳಿಗೆ ಆ ಪ್ರದೇಶದೊಳಗೆಯೇ ೧೫ ವರ್ಷ ಸತತವಾಗಿ ವಾಸವಾಗಿರಬೇಕೆಂದು ವಿಧಿಸಿದವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ೧೯೫೬ರ ಅಕ್ಟೋಬರ್ ೩೧ರಂದು ಈ ನಗರದ ಕಚೇರಿಯ ಬಾಗಿಲಲ್ಲಿ ನಿಸ್ಸಂದೇಹವಾಗಿ ಮುಲ್ಕಿಯಾಗಿದ್ದ ಗುಲ್ಬರ್ಗಾದ ತರುಣನು, ಈ ಹೊಸ ಅಳತೆಗೋಲಿನ ಮುಂದೆ ತೆಲಂಗಾಣದೊಳಗಿನ ತನ್ನ ವಾಸದ ವರ್ಷಗಳನ್ನು ಎಣಿಸಿ ತೋರಿಸಬೇಕಾಯಿತು. ಅವನು ಎಲ್ಲಿಗೂ ಹೋಗಿರಲಿಲ್ಲ. ‘ಒಳಗು’ ಎಂಬುದರ ಅರ್ಥ ಬದಲಾಗಿತ್ತು.

ನಿಯಮಗಳನ್ನು ಮೀರಿ ಅನೇಕ ನೇಮಕಗಳಾದುವೆಂಬ ಅಸಮಾಧಾನವು ೧೯೬೮-೬೯ರಲ್ಲಿ ದೊಡ್ಡ ಚಳವಳಿಯಾಗಿ ಬೆಳೆಯಿತು. ೧೯೬೯ರ ಜನವರಿ ೨೧ರಂದು ಸರಕಾರವು ಒಂದು ಹುಕುಮನ್ನು ಹೊರಡಿಸಿತು. ತೆಲಂಗಾಣದವರಿಗೆ ಮೀಸಲಾದ ಹುದ್ದೆಗಳಲ್ಲಿ ೧೯೫೬ರ ನವೆಂಬರ್ ೧ರ ತರುವಾಯ ನೇಮಕಗೊಂಡ ಹೊರಗಿನವರನ್ನೆಲ್ಲ ಬಿಡುಗಡೆ ಮಾಡಿ ಆಂಧ್ರ ಪ್ರದೇಶದ ಜಿಲ್ಲೆಗಳಿಗೆ ಕಳುಹಿಸತಕ್ಕದ್ದು. ಅಲ್ಲಿ ಹುದ್ದೆ ತೆರವಿಲ್ಲದಿದ್ದರೆ ಹೆಚ್ಚುವರಿ ಹುದ್ದೆಗಳನ್ನು ಸೃಷ್ಟಿಸತಕ್ಕದ್ದು. ಕೆಲಸ ಹೋಗಲಿಲ್ಲ, ಸಂಬಳ ಹೋಗಲಿಲ್ಲ; ಹೋಗಬೇಕಾದುದು ಊರು ಮಾತ್ರ. ಬಾಧಿತರು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು.

೧೯೬೯ರ ಮಾರ್ಚ್ ೨೮ರಂದು ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಕೊಟ್ಟ ತೀರ್ಪು ಚಿಕ್ಕದು, ಆದರೆ ತೀಕ್ಷ್ಣವಾದುದು. ರಾಜ್ಯಾಂಗದ ೧೬ನೆಯ ವಿಧಿಯ ಮೂರನೆಯ ಖಂಡವು ನೌಕರಿಗೆ ವಾಸದ ಷರತ್ತನ್ನು ವಿಧಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುವುದು ನಿಜ; ಆದರೆ ಆ ಷರತ್ತು ‘ರಾಜ್ಯದೊಳಗಿನ’ ವಾಸಕ್ಕೆ ಸಂಬಂಧಪಟ್ಟುದು. ರಾಜ್ಯದ ಒಂದು ಭಾಗದೊಳಗಿನ ವಾಸವನ್ನು ಕೇಳಲು ಅಲ್ಲಿ ಅವಕಾಶವಿಲ್ಲ. ಆದುದರಿಂದ ತೆಲಂಗಾಣಕ್ಕೆ ಸಂಬಂಧಿಸಿದಷ್ಟರಮಟ್ಟಿಗೆ ಮೂರನೆಯ ಕಲಮು ಅಸಿಂಧು. ಅದರ ಮೇಲೆ ನಿಂತ ನಿಯಮವೂ, ನಿಯಮದ ಮೇಲೆ ನಿಂತ ಹುಕುಮೂ ಬಿದ್ದುಹೋದವು.

ಅರ್ಜಿದಾರರಿಗೆ ಜಯ ದೊರಕಿದುದು ಸ್ಥಾನಾಂತರದಿಂದಾಗುವ ಕಷ್ಟದ ವರ್ಣನೆಯಿಂದಲ್ಲ. ಹುಕುಮು ಯಾವ ಮೂಲದಿಂದ ಹರಿದುಬಂದಿತೋ ಆ ಮೂಲದಲ್ಲಿಯೇ ಅಧಿಕಾರವಿಲ್ಲವೆಂಬುದನ್ನು ಅವರು ತೋರಿಸಿಕೊಟ್ಟರು. ವರ್ಗದ ವ್ಯಾಜ್ಯಗಳ ಕೀಲಿಕೈ ಇದೇ ಎಂದು ನಾವು ಭಾವಿಸುತ್ತೇವೆ.

೪. ತೀರ್ಪಿನ ಮುಂದಿನ ಕಥೆ

ನ್ಯಾಯಾಲಯದ ತೀರ್ಪಿನಿಂದ ರಾಜಕೀಯ ಪ್ರಶ್ನೆ ಮುಗಿಯಲಿಲ್ಲ. ೧೯೭೨ರ ಅಕ್ಟೋಬರ್ ೩ರಂದು ಅದೇ ಸರ್ವೋಚ್ಚ ನ್ಯಾಯಾಲಯವು ವೆಂಕಟರೆಡ್ಡಿ ಮೊಕದ್ದಮೆಯಲ್ಲಿ, ನಿಜಾಮರ ಕಾಲದ ಮೂಲ ಮುಲ್ಕಿ ನಿಯಮಗಳು ರಾಜ್ಯಾಂಗದ ೩೫(ಬಿ) ವಿಧಿಯ ಬಲದಿಂದ ಬದುಕಿ ಉಳಿದಿವೆಯೆಂದು ತೀರ್ಮಾನಿಸಿತು. ಇದರಿಂದ ಆಂಧ್ರ ಜಿಲ್ಲೆಗಳಲ್ಲಿ ಪ್ರತಿಚಳವಳಿ ಎದ್ದಿತು. ೧೯೭೩ರ ಆರು ಅಂಶಗಳ ಸೂತ್ರ, ರಾಜ್ಯಾಂಗದ ೩೨ನೆಯ ತಿದ್ದುಪಡಿ ಮತ್ತು ಅದರಿಂದ ಸೇರಿದ ೩೭೧-ಡಿ ವಿಧಿಯ ಮೂಲಕ ಇದಕ್ಕೆ ಪರಿಹಾರವನ್ನು ಹುಡುಕಲಾಯಿತು. ಸಾಮಾನ್ಯ ಕಾಯಿದೆಗೆ ಇಲ್ಲದ ಅಧಿಕಾರವನ್ನು ರಾಜ್ಯಾಂಗಕ್ಕೇ ಸೇರಿಸಿ ಪಡೆದರೆಂಬುದನ್ನು ಗಮನಿಸಬೇಕು.

೧೯೭೫ರ ಅಕ್ಟೋಬರ್ ೧೮ರ ರಾಷ್ಟ್ರಪತಿಯವರ ಆಜ್ಞೆಯು ರಾಜ್ಯವನ್ನು ಆರು ವಲಯಗಳನ್ನಾಗಿ ವಿಂಗಡಿಸಿ, ಪ್ರತಿಯೊಂದು ಸ್ಥಳೀಯ ನೌಕರವರ್ಗವನ್ನೂ ನೇಮಕ, ಜ್ಯೇಷ್ಠತೆ, ಬಡ್ತಿ ಮತ್ತು ವರ್ಗಗಳಿಗೆ ಪ್ರತ್ಯೇಕ ಘಟಕವನ್ನಾಗಿ ಮಾಡಿತು. ಎಂದರೆ ಒಂದು ಘಟಕದ ನೌಕರನನ್ನು ಮತ್ತೊಂದಕ್ಕೆ ಸರಕಾರವು ತನ್ನಿಚ್ಛೆಯಂತೆ ಕಳುಹಿಸಲಾಗದೆಂದಾಯಿತು. ಆಜ್ಞೆಯಲ್ಲೇ ಹೇಳಿದ ಅಪವಾದಗಳಿಗೆ ಮಾತ್ರ ಎಡೆಯಿದ್ದಿತು. ಈ ಆಜ್ಞೆಯನ್ನು ಮೀರಿ ಬಂದವರನ್ನು ಅವರವರ ವಲಯಗಳಿಗೆ ಹಿಂದಿರುಗಿಸಬೇಕೆಂದು ೧೯೮೫ರ ಡಿಸೆಂಬರ್ ೩೦ರಂದು ಹೊರಟ ೬೧೦ನೆಯ ಸಂಖ್ಯೆಯ ಹುಕುಮು ಈ ನಗರದಲ್ಲಿ ಮನೆಮಾತಾಯಿತು. ಅದರ ಅನುಷ್ಠಾನವು ದಶಕಗಳವರೆಗೆ ವಿವಾದದಲ್ಲಿದ್ದಿತು.

೨೦೧೪ರಲ್ಲಿ ಮತ್ತೊಮ್ಮೆ ರಾಜ್ಯವು ಇಬ್ಭಾಗವಾದಾಗ ೧೯೫೬ರ ಕಥೆ ಹೊಸ ಪಾತ್ರಗಳೊಡನೆ ಮರಳಿತು. ಸರಕಾರಿ ನೌಕರರ ಹಂಚಿಕೆಗೆ ಕಮಲನಾಥನ್ ಅವರ ಸಲಹಾ ಸಮಿತಿ ನೇಮಕವಾಯಿತು. ಸಾರ್ವಜನಿಕ ಉದ್ಯಮಗಳ ಪೈಕಿ ವಿದ್ಯುತ್ ಸಂಸ್ಥೆಗಳ ವ್ಯಾಜ್ಯವು ಪ್ರಸಿದ್ಧವಾದುದು. ೨೦೧೫ರ ಜೂನ್ ತಿಂಗಳಲ್ಲಿ ತೆಲಂಗಾಣದ ವಿದ್ಯುತ್ ಸಂಸ್ಥೆಗಳು ೧,೧೫೭ ನೌಕರರನ್ನು ಆಂಧ್ರ ಮೂಲದವರೆಂದು ಬಿಡುಗಡೆ ಮಾಡಿದವು. ಆ ಕಡೆಯ ಸಂಸ್ಥೆಗಳು ಅವರನ್ನು ತೆಗೆದುಕೊಳ್ಳಲು ಒಪ್ಪಲಿಲ್ಲ. ಎರಡು ಬಾಗಿಲುಗಳ ನಡುವಣ ಅಂಗಳದಲ್ಲಿ ನಿಂತಂತಾದ ಇವರ ಹಂಚಿಕೆಗಾಗಿ ಸರ್ವೋಚ್ಚ ನ್ಯಾಯಾಲಯವು ೨೦೧೮ರಲ್ಲಿ ನಿವೃತ್ತ ನ್ಯಾಯಮೂರ್ತಿ ಧರ್ಮಾಧಿಕಾರಿಯವರ ಏಕಸದಸ್ಯ ಸಮಿತಿಯನ್ನು ನೇಮಿಸಿತು. ಅದರ ವರದಿಯನ್ನು ೨೦೨೦ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಮುಂದೆ ೨೦೧೮ರ ಹೊಸ ರಾಷ್ಟ್ರಪತಿಯವರ ಆಜ್ಞೆಯನ್ನು ಅನುಸರಿಸಿ ತೆಲಂಗಾಣ ಸರಕಾರವು ೨೦೨೧ರ ಡಿಸೆಂಬರ್ ೬ರಂದು ೩೧೭ನೆಯ ಸಂಖ್ಯೆಯ ಹುಕುಮನ್ನು ಹೊರಡಿಸಿ ಹೊಸ ಜಿಲ್ಲೆ, ವಲಯಗಳಿಗೆ ನೌಕರರನ್ನು ಹಂಚಿದಾಗ, ಉಪಾಧ್ಯಾಯರೇ ಮೊದಲಾದವರು ಅನೇಕ ರಿಟ್ ಅರ್ಜಿಗಳನ್ನು ಸಲ್ಲಿಸಿದರು.

ಗಡಿಯ ಆಚೆಗೂ ಇದೇ ತತ್ತ್ವ ನಡೆದಿದೆ. ೨೦೧೨ರ ೯೮ನೆಯ ತಿದ್ದುಪಡಿಯಿಂದ ಬಂದ ೩೭೧-ಜೆ ವಿಧಿಯು, ೨೦೧೯ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ನಮ್ಮ ಹಳೆಯ ಹೈದರಾಬಾದು ಕರ್ನಾಟಕದಲ್ಲಿ ಸ್ಥಳೀಯರಿಗೆ ನೌಕರಿಯ ಮೀಸಲಾತಿಗೆ ಆಧಾರವಾಯಿತು. ಹಳೆಯ ಮುಲ್ಕಿ ಭಾವನೆಯು ಗಡಿಯ ಎರಡು ಕಡೆಯಲ್ಲೂ ರಾಜ್ಯಾಂಗದ ಮುದ್ರೆಯನ್ನು ಪಡೆಯಿತೆಂದರೆ ತಪ್ಪಾಗಲಾರದು.

೫. ಸಾಮಾನ್ಯ ವರ್ಗ: ನ್ಯಾಯಾಲಯದ ಮೂರು ಪ್ರಶ್ನೆ

ಇನ್ನು ನಿತ್ಯದ ವರ್ಗದ ವಿಚಾರ. ಇಲ್ಲಿ ನ್ಯಾಯಾಲಯವು ಕೇಳುವ ಪ್ರಶ್ನೆಗಳು ಸ್ಥೂಲವಾಗಿ ಮೂರು. ಹುಕುಮನ್ನು ಹೊರಡಿಸಿದವರಿಗೆ ಅಧಿಕಾರವಿತ್ತೆ? ಶಾಸನಬದ್ಧವಾದ ನಿಯಮವೊಂದನ್ನು ಮುರಿಯಲಾಗಿದೆಯೆ? ಹುಕುಮಿನ ಹಿಂದೆ ದುರುದ್ದೇಶವಿದೆಯೆ? ಮೂರಕ್ಕೂ ಉತ್ತರವು ಸರಕಾರದ ಪರವಾಗಿದ್ದರೆ, ವರ್ಗವು ಅವಿವೇಕದ್ದೆಂದು ನ್ಯಾಯಾಧೀಶರಿಗೆ ತೋರಿದರೂ ಅದನ್ನು ರದ್ದುಮಾಡುವುದಿಲ್ಲ. ಯಾರು ಎಲ್ಲಿ ಕೆಲಸ ಮಾಡಬೇಕೆಂದು ಗೊತ್ತುಮಾಡುವುದು ಆಡಳಿತದ ಕೆಲಸ.

ಕರ್ನಾಟಕದಿಂದಲೇ ಹೋದ ೧೯೮೬ರ ಬಿ. ವರದರಾವ್ ಮೊಕದ್ದಮೆಯಲ್ಲಿ, ವರ್ಗವು ಸೇವೆಯ ಅಂಗವೆಂದೂ ಅದರ ಮೇಲೆ ಇಲಾಖಾ ಮೇಲ್ಮನವಿ ಸಲ್ಲದೆಂದೂ ತೀರ್ಪಾಯಿತು. ಆದರೆ ಅದೇ ತೀರ್ಪಿನಲ್ಲಿ ಪದೇ ಪದೇ, ಅಕಾಲದಲ್ಲಿ ಮಾಡುವ ವರ್ಗಗಳು ಕುಟುಂಬವನ್ನು ಬುಡಮೇಲು ಮಾಡುತ್ತವೆಂಬ ಎಚ್ಚರಿಕೆಯೂ ಇದೆ. ೧೯೯೧ರ ಶಿಲ್ಪಿ ಬೋಸ್ ಮೊಕದ್ದಮೆಯಲ್ಲಿ, ಗಂಡಂದಿರಿರುವ ಊರುಗಳಿಗೆ ಬಯಸಿ ಹೋದ ಬಿಹಾರದ ಉಪಾಧ್ಯಾಯಿನಿಯರ ವರ್ಗವನ್ನು ನ್ಯಾಯಾಲಯವು ಎತ್ತಿಹಿಡಿದು, ಅವರಿಂದ ಸ್ಥಾನ ಕಳೆದುಕೊಂಡವರಿಗೆ ಆ ಊರಿನಲ್ಲಿಯೇ ಉಳಿಯುವ ಹಕ್ಕಿಲ್ಲವೆಂದಿತು. ೧೯೯೩ರ ಅಬ್ಬಾಸ್ ಮೊಕದ್ದಮೆಯಲ್ಲಿ, ಹೆಂಡತಿಯೂ ಶಿಲ್ಲಾಂಗಿನಲ್ಲಿಯೇ ನೌಕರಿಯಲ್ಲಿದ್ದ ಸಸ್ಯಶಾಸ್ತ್ರ ಸರ್ವೇಕ್ಷಣೆಯ ಉದ್ಯೋಗಿಯನ್ನು ಪೌಡಿಗೆ ಕಳುಹಿಸಿದುದು ಊರ್ಜಿತವಾಯಿತು. ಗಂಡಹೆಂಡಿರನ್ನು ಒಂದೇ ಊರಿನಲ್ಲಿಡಬೇಕೆಂಬ ಮಾರ್ಗಸೂಚಿಯನ್ನು 
ಸರಕಾರವು ಮನಸ್ಸಿಗೆ ತಂದುಕೊಳ್ಳಬೇಕು. ಆದರೆ ಅದು ಶಾಸನವಲ್ಲದ್ದರಿಂದ ಹಕ್ಕಾಗಿ ಕೇಳಲಾಗದು.

ಈ ಕಠಿನ ನಿಲವು ೨೦೨೨ರಲ್ಲಿ ಸ್ವಲ್ಪ ಸಡಿಲವಾಯಿತು. ನೌಷಾದ್ ರಹಮಾನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂತರವಲಯ ವರ್ಗವನ್ನು ನಿಲ್ಲಿಸಿದ ನಿಯಮವನ್ನು ಎತ್ತಿಹಿಡಿಯುತ್ತಲೇ, ಕುಟುಂಬ ಜೀವನವು ವ್ಯಕ್ತಿಯ ಘನತೆಯ ಅಂಗವೆಂದೂ, ದಂಪತಿಗಳು, ಸ್ತ್ರೀಯರು ಮತ್ತು ಅಂಗವಿಕಲರ ಸ್ಥಿತಿಯನ್ನು ನೀತಿಯನ್ನು ರೂಪಿಸುವಾಗ ಲೆಕ್ಕಕ್ಕೆ ತಂದುಕೊಳ್ಳಬೇಕೆಂದೂ ಹೇಳಿತು. ಇದು ನೌಕರನೊಬ್ಬನಿಗೆ ಕೊಟ್ಟ ಹಕ್ಕಲ್ಲ, ಸರಕಾರಕ್ಕೆ ವಿಧಿಸಿದ ಕರ್ತವ್ಯ.

೬. ಶಿಕ್ಷೆಯ ವೇಷಾಂತರ

ಮೂರನೆಯ ಪ್ರಶ್ನೆಯಾದ ದುರುದ್ದೇಶದ ವಿಷಯದಲ್ಲಿ ಹೈದರಾಬಾದಿಗೆ ಸಂಬಂಧಿಸಿದ ಒಂದು ಪ್ರಸಂಗವು ಚಿರಸ್ಮರಣೀಯವಾದುದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೬ರಲ್ಲಿ, ೧೬ ಮಂದಿ ಉಚ್ಚ ನ್ಯಾಯಾಧೀಶರನ್ನು ಅವರ ಸಮ್ಮತಿಯಿಲ್ಲದೆ ವರ್ಗಮಾಡಲಾಯಿತು. ಕರ್ನಾಟಕದ ಡಿ. ಎಂ. ಚಂದ್ರಶೇಖರ್ ಅವರು ಅಲಹಾಬಾದಿಗೂ ಸದಾನಂದಸ್ವಾಮಿಯವರು ಗುವಾಹಟಿಗೂ ಹೋಗಬೇಕಾಯಿತು. ಗುಜರಾತಿನಿಂದ ಈ ನಗರದ ಆಂಧ್ರಪ್ರದೇಶ ಉಚ್ಚ ನ್ಯಾಯಾಲಯಕ್ಕೆ ಕಳುಹಿಸಲ್ಪಟ್ಟವರು ನ್ಯಾಯಮೂರ್ತಿ ಸಂಕಲಚಂದ್ ಸೇಠ್. ಅವರು ಹುಕುಮನ್ನು ಪಾಲಿಸಿ ಇಲ್ಲಿ ಅಧಿಕಾರ ವಹಿಸಿಕೊಂಡರು. ಅದರೊಡನೆಯೇ ಗುಜರಾತಿನಲ್ಲಿ ಅರ್ಜಿಯನ್ನೂ ಹೂಡಿದರು. ನ್ಯಾಯಾಧೀಶರು ಸರಕಾರದ ನೌಕರರಲ್ಲ; ಆದರೂ ಈ ತೀರ್ಪಿನ ಬೆಳಕು ನೌಕರರ ಮೇಲೂ ಬೀಳುತ್ತದೆ. ೧೯೭೭ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದ ಬಹುಮತವು, ಸಮ್ಮತಿಯು ಅಗತ್ಯವಲ್ಲವಾದರೂ ವರ್ಗವು ಸಾರ್ವಜನಿಕ ಹಿತಕ್ಕಾಗಿಯೇ ಆಗಬೇಕು, ಭಾರತದ ಮುಖ್ಯ ನ್ಯಾಯಮೂರ್ತಿಗಳೊಡನೆ ನಿಜವಾದ ಸಮಾಲೋಚನೆಯಾಗಬೇಕು, ದಂಡನೆಯ ಸಾಧನವಾಗಕೂಡದು ಎಂದಿತು. ಸೇಠರನ್ನು ಗುಜರಾತಿಗೆ ಹಿಂದಿರುಗಿಸಲಾಯಿತು.

ನೌಕರರ ವಿಷಯದಲ್ಲಿ ಈ ತತ್ತ್ವವು ಕ್ರಮೇಣ ಬೆಳೆಯಿತು. ತಮಿಳುನಾಡಿನ ಮುಖ್ಯ ಕಾರ್ಯದರ್ಶಿಯಾಗಿದ್ದ ರಾಯಪ್ಪನವರು ೧೯೭೩ರಲ್ಲಿ ತಮ್ಮ ಮೊಕದ್ದಮೆಯನ್ನು ಸೋತರೂ, ಮನಬಂದಂತೆ ಅಧಿಕಾರವನ್ನು ಬಳಸುವುದೇ ಸಮಾನತೆಯ ಭಂಗವೆಂಬ ಸೂತ್ರವು ಅದರಿಂದ ದೇಶಕ್ಕೆ ದೊರಕಿತು. ೨೦೦೮ರ ಸೋಮೇಶ್ ತಿವಾರಿ ಮೊಕದ್ದಮೆಯಲ್ಲಿ, ಅನಾಮಧೇಯ ದೂರಿನ ಮೇಲೆ ಭೋಪಾಲದ ಅಧಿಕಾರಿಯನ್ನು ಶಿಲ್ಲಾಂಗಿಗೆ ಕಳುಹಿಸಿದುದು ಶಿಕ್ಷೆಗೆ ಬದಲಾಗಿ ಮಾಡಿದ ವರ್ಗವಾದ್ದರಿಂದ ಅಸಿಂಧುವೆಂದು ತೀರ್ಪಾಯಿತು. ತಪ್ಪು ಮಾಡಿದ್ದರೆ ವಿಚಾರಣೆ ನಡೆಸಬೇಕು. ವಿಚಾರಣೆಯನ್ನು ತಪ್ಪಿಸಲು ರೈಲು ಹತ್ತಿಸುವುದು ಸಲ್ಲದು. ೨೦೨೦ರ ಫೆಬ್ರವರಿಯಲ್ಲಿ ಬಂದ ಪಂಜಾಬ್ ಮತ್ತು ಸಿಂಧ್ ಬ್ಯಾಂಕಿನ ತೀರ್ಪು ಇನ್ನೂ ಮುಂದೆ ಹೋಯಿತು. ಶಾಖೆಯ ಅಕ್ರಮಗಳನ್ನೂ ಮೇಲಧಿಕಾರಿಯ ದುರ್ವರ್ತನೆಯನ್ನೂ ಕುರಿತು ದೂರಿತ್ತ ಮಹಿಳಾ ಅಧಿಕಾರಿಯನ್ನು ಇಂದೂರಿನಿಂದ ಜಬಲ್ಪುರ ಜಿಲ್ಲೆಯ ಸಣ್ಣ ಶಾಖೆಗೆ ತಳ್ಳಿದುದು ಪ್ರತೀಕಾರವೆಂದು ಕಂಡು, ಅವರನ್ನು ಮರಳಿ ಇಂದೂರಿನಲ್ಲಿಯೇ ನಿಯೋಜಿಸಬೇಕೆಂದು ಆಜ್ಞೆಯಾಯಿತು.

೭. ಸಾರ್ವಜನಿಕ ಉದ್ಯಮ ಮತ್ತು ‘ಭಾಷಾ ಪ್ರದೇಶ’

ನಿಗಮ, ಮಂಡಲಿ, ರಾಷ್ಟ್ರೀಕೃತ ಬ್ಯಾಂಕುಗಳ ನೌಕರರು ರಿಟ್ ಅರ್ಜಿಯನ್ನು ಹೂಡಬಹುದೆ ಎಂಬುದು ಒಂದು ಕಾಲಕ್ಕೆ ಸಂದೇಹಾಸ್ಪದವಾಗಿದ್ದಿತು. ರಾಜಸ್ಥಾನ ವಿದ್ಯುತ್ ಮಂಡಲಿಯ ೧೯೬೭ರ ತೀರ್ಪೂ, ಜೀವವಿಮಾ ನಿಗಮವೇ ಮೊದಲಾದವನ್ನು ಕುರಿತ ೧೯೭೫ರ ಸುಖದೇವ್ ಸಿಂಗ್ ತೀರ್ಪೂ ಇವುಗಳನ್ನು ರಾಜ್ಯಾಂಗದ ೧೨ನೆಯ ವಿಧಿಯ ‘ರಾಜ್ಯ’ದೊಳಗೆ ಸೇರಿಸಿದವು. ಖಾಸಗಿ ನೌಕರನಿಗೆ ಈ ದಾರಿಯಿಲ್ಲ. ಕರ್ನಾಟಕದ ಪರ್ಲೈಟ್ ಲೈನರ್ಸ್ ಎಂಬ ಖಾಸಗಿ ಕಂಪನಿಯ ೨೦೦೪ರ ಮೊಕದ್ದಮೆಯಲ್ಲಿ, ವರ್ಗವನ್ನು ತಡೆಯಲು ಹೂಡಿದ ಸಿವಿಲ್ ದಾವೆ ನಿಲ್ಲದೆಂದು ತೀರ್ಮಾನವಾಯಿತು.

ಬ್ಯಾಂಕುಗಳ ಚರಿತ್ರೆಯಲ್ಲಿ ನಮ್ಮಂಥ ಪ್ರವಾಸಿ ಭಾಷಿಕರು ನೆನಪಿಡಬೇಕಾದ ಒಂದು ಅಂಶವಿದೆ. ೧೯೫೩ರ ಶಾಸ್ತ್ರಿ ತೀರ್ಪು ಬ್ಯಾಂಕು ನೌಕರರ ವರ್ಗಕ್ಕೆ ಭಾಷೆಯನ್ನೇ ಎಲ್ಲೆಯಾಗಿ ಸೂಚಿಸಿತು. ಕೆಳದರ್ಜೆಯ ಸಿಬ್ಬಂದಿಯನ್ನು ಸಾಮಾನ್ಯವಾಗಿ ವರ್ಗಮಾಡಬಾರದು, ಮಾಡಿದರೂ ಅವರ ಭಾಷಾ ಪ್ರದೇಶವನ್ನು ಮೀರಬಾರದು. ಗುಮಾಸ್ತರನ್ನು ಸಹ ಸಾಧ್ಯವಾದಷ್ಟು ಮಟ್ಟಿಗೆ, ಅವರ ಸಮ್ಮತಿಯಿಲ್ಲದೆ, ರಾಜ್ಯದ ಅಥವಾ ಭಾಷಾ ಪ್ರದೇಶದ ಹೊರಗೆ ಕಳುಹಿಸಬಾರದು ಎಂಬುದು ಅದರ ಆಶಯ. ರಾಜ್ಯಗಳು ಭಾಷೆಯ ಮೇಲೆ ವಿಂಗಡಣೆಯಾಗುವುದಕ್ಕೆ ಮೂರು ವರ್ಷ ಮುಂಚೆಯೇ, ಭಾಷೆಯನ್ನು ಕಳೆದುಕೊಳ್ಳುವುದೂ ಒಂದು ನಷ್ಟವೆಂದು ಒಪ್ಪಿದ ಅಪರೂಪದ ದಾಖಲೆಯಿದು. ಆದರೆ ಅಧಿಕಾರಿಗಳಿಗೆ ಈ ಆಶ್ರಯವಿರಲಿಲ್ಲ. ೧೯೪೧ರಲ್ಲಿ ಹುಟ್ಟಿ ೨೦೧೭ರ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದು, ಒಡೆದುಹೋದ ರಾಜ್ಯದ ಮೂರು ಭಾಷಾ ಪ್ರದೇಶಗಳಲ್ಲಿಯೂ ಶಾಖೆಗಳನ್ನಿಟ್ಟುಕೊಂಡಿದ್ದಿತು. ರಾಯಚೂರು, ಬೀದರಗಳಿಂದ ಈ ನಗರಕ್ಕೆ ಬಂದು ನಿಂತ ಕನ್ನಡಿಗರಲ್ಲಿ ಅದರ ಅಧಿಕಾರಿಗಳೂ ಇದ್ದರು.

ಕಾರ್ಮಿಕರೆನಿಸಿಕೊಳ್ಳುವವರಿಗೆ ಮತ್ತೊಂದು ರಕ್ಷಣೆಯಿದೆ. ಆಡಳಿತದ ನೀತಿಯ ನೆಪದಲ್ಲಿ ದುರುದ್ದೇಶದಿಂದ ವರ್ಗಮಾಡುವುದನ್ನು ೧೯೮೨ರ ತಿದ್ದುಪಡಿಯು ಅನುಚಿತ ಕಾರ್ಮಿಕ ನಡವಳಿಕೆಯೆಂದು ಎಣಿಸಿತು. ೨೦೨೦ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಕೈಬಿಟ್ಟಿಲ್ಲ.

೮. ಹುಕುಮು ಬಂದಾಗ ಮಾಡತಕ್ಕದ್ದು

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ಸೂಚನೆಗಳು ಹೊರಡುತ್ತವೆ. ಮೊದಲನೆಯದಾಗಿ, ತಡೆಯಾಜ್ಞೆಯು ದೊರೆಯದ ಹೊರತು ಹುಕುಮನ್ನು ಪಾಲಿಸಬೇಕು. ಗುಜರಾತ್ ವಿದ್ಯುತ್ ಮಂಡಲಿಯ ನೌಕರನೊಬ್ಬನು ಸೂರತ್ತಿನಿಂದ ಉಕಾಯಿಗೆ ಹೋಗದೆ, ಅಹವಾಲು ಕೊಟ್ಟಿದ್ದೇನೆಂದು ಕುಳಿತುದರಿಂದ ಕೆಲಸವನ್ನೇ ಕಳೆದುಕೊಂಡನು. ೧೯೮೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಊರ್ಜಿತಗೊಳಿಸಿತು. ಎರಡನೆಯದಾಗಿ, ಅಹವಾಲನ್ನು ಕೂಡಲೆ, ಲಿಖಿತವಾಗಿ, ಸಂಗತಿಗಳೊಡನೆ ಸಲ್ಲಿಸಬೇಕು. ಅನೇಕ ವೇಳೆ ನ್ಯಾಯಾಲಯವು ಕೊಡುವ ಪರಿಹಾರವು ಆ ಅಹವಾಲನ್ನು ಇಂತಿಷ್ಟು ದಿನಗಳಲ್ಲಿ ಪರಿಶೀಲಿಸಿರೆಂಬ ಆಜ್ಞೆ ಮಾತ್ರ. ಮೂರನೆಯದಾಗಿ, ದುರುದ್ದೇಶವನ್ನು ಆರೋಪಿಸುವುದಾದರೆ ಆ ವ್ಯಕ್ತಿಯನ್ನು ಹೆಸರಿಸಿ ಪಕ್ಷಕಾರನನ್ನಾಗಿ ಮಾಡಿ, ತಾರೀಖುವಾರು ವಿವರವನ್ನು ಕೊಡಬೇಕು. ಬರಿಯ ಸಂದೇಹ ಸಾಲದು. ನಾಲ್ಕನೆಯದಾಗಿ, ಯೋಗ್ಯವಾದ ಬಾಗಿಲನ್ನೇ ತಟ್ಟಬೇಕು. ಕೇಂದ್ರ ನೌಕರರಿಗೆ ಕೇಂದ್ರ ಆಡಳಿತ ನ್ಯಾಯಮಂಡಲಿಯ ಹೈದರಾಬಾದು ಪೀಠ. ತೆಲಂಗಾಣದ ನೌಕರರಿಗೆ, ೨೦೧೬ರಲ್ಲಿ ರಾಜ್ಯ ನ್ಯಾಯಮಂಡಲಿಯು ಅವರ ಪಾಲಿಗೆ ಇಲ್ಲವಾದುದರಿಂದ, ಉಚ್ಚ ನ್ಯಾಯಾಲಯ. ಕರ್ನಾಟಕದ ನೌಕರರಿಗೆ ೧೯೮೬ರಲ್ಲಿ ಸ್ಥಾಪಿತವಾದ ರಾಜ್ಯ ಆಡಳಿತ ನ್ಯಾಯಮಂಡಲಿ.

ಇಷ್ಟೆಲ್ಲವನ್ನು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ನ್ಯಾಯಾಲಯವು ಅಧಿಕಾರದ ಎಲ್ಲೆಯನ್ನು ಅಳೆಯಬಲ್ಲುದು. ಊರು ಬಿಟ್ಟವನ ಮನಸ್ಸನ್ನು ಅಳೆಯುವ ಕೆಲಸ ಅದರದಲ್ಲ. ೧೯೫೬ರಲ್ಲಿ ಬಡ್ತಿಯ ನಿರೀಕ್ಷೆಯನ್ನು ಕಳೆದುಕೊಂಡವರ, ಕಲಿತ ಲಿಪಿಯನ್ನು ಬದಿಗಿಟ್ಟು ಹೊಸದಾಗಿ ಕಡತ ಬರೆಯಲು ಕಲಿತವರ, ಒಂದೇ ದಿನದಲ್ಲಿ ಒಳಗಿನವರು ಹೊರಗಿನವರಾದವರ ಲೆಕ್ಕವು ಯಾವ ತೀರ್ಪಿನಲ್ಲಿಯೂ ಪೂರ್ತಿಯಾಗಿ ಬಂದಿಲ್ಲ. ನಮ್ಮ ವಾಚಕರ ಮನೆಗಳ ಹಳೆಯ ಪೆಟ್ಟಿಗೆಗಳಲ್ಲಿ ಆ ಕಾಲದ ಹಂಚಿಕೆಯ ಹುಕುಮುಗಳು, ಜ್ಯೇಷ್ಠತೆಯ ಪಟ್ಟಿಗಳು, ಸಲಹಾ ಸಮಿತಿಗೆ ಬರೆದ ಅಹವಾಲುಗಳ ನಕಲುಗಳು ಇನ್ನೂ ಉಳಿದಿರಬಹುದು. ಅವುಗಳನ್ನು ರದ್ದಿಗೆ ಹಾಕದೆ ಜೋಪಾನಗೊಳಿಸಿ, ಸಂಘದ ಸಂಗ್ರಹಕ್ಕೆ ಒಪ್ಪಿಸಿದರೆ, ಹೈದರಾಬಾದಿನ ಕನ್ನಡಿಗರ ಇತಿಹಾಸವನ್ನು ಬರೆಯುವವರಿಗೆ ಅವು ತೀರ್ಪುಗಳಷ್ಟೇ ಬೆಲೆಯುಳ್ಳ ಸಾಮಗ್ರಿಯಾಗುವುವು.